ಕಂಸದೊಳಗಿನ ಕಂಪ್ಯೂಟರ್ ಸೈನ್ಸ್

ಅಕ್ಕನ ಮಗನ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಶಾಖೆಗಳನ್ನು ಆರಿಸಿ ತುಂಬುವ ಕೆಲಸ, ನಡೆಯುವ ವಾರ ನಮ್ಮಕ್ಕನ ಮನೆಯಲ್ಲಿ ಕಾಫಿಗೂ ಗತಿಯಿರಲಿಲ್ಲ. ಭಾವ ಕನ್ನಡಕವನ್ನು ಹಣೆಗೇರಿಸಿಕೊಂಡು ಪಟ್ಟಿ ಓದುತ್ತಿದ್ದರು. ಕಂಪ್ಯೂಟರ್ ಸೈನ್ಸ್. ಇನ್ಫರ್ಮೇಷನ್ ಸೈನ್ಸ್. ಮತ್ತೆ ಕಂಪ್ಯೂಟರ್ ಸೈನ್ಸ್, ಕಂಸದೊಳಗೆ ಡೇಟಾ ಸೈನ್ಸ್. ಮತ್ತೂ ಕಂಪ್ಯೂಟರ್ ಸೈನ್ಸ್, ಕಂಸದೊಳಗೆ 'ಇಂಟರ್ನೆಟ್ ಆಫ್ ಥಿಂಗ್ಸ್ ಅಂಡ್ ಸೈಬರ್ ಸೆಕ್ಯುರಿಟಿ ಇನ್‌ಕ್ಲೂಡಿಂಗ್ ಬ್ಲಾಕ್‌ಚೈನ್ ಟೆಕ್ನಾಲಜಿ'. ತಮಾಷೆಗೆ ಕಟ್ಟಿದ್ದಲ್ಲ, ನಿಜವಾಗಿಯೂ ಈ ಹೆಸರಿನ ಶಾಖೆಯಿದೆ. ಕಲ್ಯಾಣ ಮಂಟಪದವರು 'ಪಾತ್ರೆ, ಕುರ್ಚಿ, ಜನರೇಟರ್ ಸಹಿತ' ಅಂತ ಬರೆಸಿದಂತೆ ಬ್ಲಾಕ್‌ಚೈನ್ ಸಹಿತ.

"ಇಷ್ಟೆಲ್ಲ ಓದಿ ಇವನು ಏನಾಗ್ತಾನೋ?" ಅಂದಳು ಅಕ್ಕ.

"ಸಾಫ್ಟ್‌ವೇರ್ ಎಂಜಿನಿಯರ್."

"ಬರೀ ಕಂಪ್ಯೂಟರ್ ಸೈನ್ಸ್ ಓದಿದ್ರೆ?"

"ಅವನೂ ಸಾಫ್ಟ್‌ವೇರ್ ಎಂಜಿನಿಯರ್."

ದ್ವಾಪರದ ಕಂಸನ ಸೆರೆಮನೆಯಲ್ಲಿ ಎಂಟನೆಯ ಮಗು ಹುಟ್ಟಿ ಕಥೆ ಮುಂದೆ ಸಾಗಿತು. ನಮ್ಮ ಕಾಲೇಜುಗಳ ಕಂಸದೊಳಗೆ ಮಾತ್ರ ವರ್ಷ ವರ್ಷವೂ ತೊಟ್ಟಿಲು ತೂಗುತ್ತಿದೆ.

ಒಂದು ಕಾಲೇಜಿನ ಅಡ್ಮಿಷನ್ ಕೌಂಟರಿಗೂ ಹೋಗಿದ್ದೆವು. ಕಂಪ್ಯೂಟರ್ ಸೈನ್ಸಿಗೂ ಇನ್ಫರ್ಮೇಷನ್ ಸೈನ್ಸಿಗೂ ಏನು ವ್ಯತ್ಯಾಸ ಅಂತ ಭಾವ ಕೇಳಿದರು. "ಹೆಚ್ಚುಕಮ್ಮಿ ಒಂದೇ ಸರ್. ಪ್ಲೇಸ್‌ಮೆಂಟಿಗೆ ಬರೋರು ಇಬ್ರನ್ನೂ ಕೂರಿಸ್ಕೊಳ್ತಾರೆ." ಹಾಗಾದರೆ ಮ್ಯಾನೇಜ್‌ಮೆಂಟ್ ಸೀಟಿನ ರೇಟು ಯಾಕೆ ಬೇರೆ ಬೇರೆ? "ಡಿಮ್ಯಾಂಡು ಸರ್." ಇಡೀ ಕಟ್ಟಡದಲ್ಲಿ ನನಗೆ ಕೇಳಿಸಿದ ಪ್ರಾಮಾಣಿಕ ಮಾತು ಇದೊಂದೇ. ಹೋಟೆಲಿನವನೂ ಒಂದೇ ಹಿಟ್ಟಿನಲ್ಲಿ ಖಾಲಿ, ಸೆಟ್ಟು, ಮಸಾಲೆ ಹೊಯ್ಯುತ್ತಾನೆ, ನಿಜ. ಆದರೆ ಮಸಾಲೆಗೆ ದುಡ್ಡು ಕೊಟ್ಟವನಿಗೆ ಪಲ್ಯ ಅವತ್ತೇ ಸಿಗುತ್ತದೆ. ಇಲ್ಲಿ ದುಡ್ಡು ಕೊಡುವುದು ಇವತ್ತು, ಪಲ್ಯ ಬರುವುದು ಆರನೇ ಸೆಮಿಸ್ಟರಿನಲ್ಲಿ, ಅದೂ ಎಲೆಕ್ಟಿವ್ ಆಗಿ, ಕಲಿಸುವ ಮೇಷ್ಟ್ರು ಅಷ್ಟರಲ್ಲಿ ಸಿಕ್ಕಿದ್ದರೆ.

ಮೇಷ್ಟ್ರೆಂದರೆ ನೆನಪಾಯಿತು. ನನ್ನ ಪರಿಚಯದವರೊಬ್ಬರು ಹದಿನೈದು ವರ್ಷ ಥರ್ಮೊಡೈನಮಿಕ್ಸ್ ಪಾಠ ಮಾಡಿದವರು. ಮೆಕ್ಯಾನಿಕಲ್ ಶಾಖೆಗೆ ಮಕ್ಕಳು ಬರುವುದು ನಿಂತಮೇಲೆ ಅವರನ್ನು ಪೈಥಾನ್ ಪಾಠಕ್ಕೆ ಹಚ್ಚಿದ್ದಾರೆ. ರಾತ್ರಿ ಯೂಟ್ಯೂಬ್ ನೋಡಿಕೊಂಡು ಬೆಳಿಗ್ಗೆ ಕ್ಲಾಸಿಗೆ ಹೋಗುತ್ತಾರೆ. ಹುಡುಗರೂ ಅದೇ ವಿಡಿಯೊ ನೋಡಿರುತ್ತಾರಂತೆ. "ಅವರು ಒಂದೂವರೆ ಪಟ್ಟು ಸ್ಪೀಡಲ್ಲಿ ನೋಡ್ತಾರೆ, ಅಷ್ಟೇ ವ್ಯತ್ಯಾಸ" ಅಂದರು.

ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ 2024-25ರಿಂದ ಕಿತ್ತುಹಾಕಿತು. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಮಾತ್ರವಂತೆ. ಬ್ರೋಷರಿನಲ್ಲಿ ಚೆನ್ನಾಗಿ ನಡೆಯದ ಕಾಲೇಜನ್ನು ಯಾರಾದರೂ ಕಂಡಿದ್ದೀರಾ?

ಇನ್ನು ಕಲಿಕೆಯ ವಿಷಯ. ನಮ್ಮಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಕಲಿಯುವುದು ಬಾಲ್‌ಪೆನ್ನಿನಿಂದ. ಮಶೀನಿನಲ್ಲಿ ಈಗಾಗಲೇ ಓಡಿದ ಪ್ರೋಗ್ರಾಮನ್ನು ಲ್ಯಾಬ್ ರೆಕಾರ್ಡಿನಲ್ಲಿ ದುಂಡಗೆ ಬರೆಯಬೇಕು. ಬಲಗಡೆ ಗೆರೆಯಿರುವ ಹಾಳೆಯಲ್ಲಿ ಕೋಡು, ಎಡಗಡೆ ಖಾಲಿ ಹಾಳೆಯಲ್ಲಿ ಔಟ್‌ಪುಟ್ಟು, ಅದೂ ಪೆನ್ಸಿಲಿನಲ್ಲಿ. ಲ್ಯಾಬ್ ಪರೀಕ್ಷೆಯ ದಿನ ಚೀಟಿ ಎತ್ತಬೇಕು. ಎತ್ತಿದ ಪ್ರೋಗ್ರಾಂ ಬರದಿದ್ದರೆ ಒಂದು ಸಲ ಬದಲಾಯಿಸಬಹುದು, ಆದರೆ ಬರವಣಿಗೆಯ ಅಂಕ ಸೊನ್ನೆ. ಅಲ್ಲೂ ಮೊದಲು ಕಾಗದ, ಆಮೇಲೆ ಕೀಬೋರ್ಡು. ಥಿಯರಿ ಪೇಪರಿನಲ್ಲಂತೂ ಕೀಬೋರ್ಡಿನ ಸುಳಿವೇ ಇಲ್ಲ. ಸೆಮಿಕೋಲನ್ ಮರೆತರೆ ಕಂಪೈಲರ್ ಕ್ಷಮಿಸುವುದಿಲ್ಲ, ವ್ಯಾಲ್ಯುಯೇಟರ್ ಕ್ಷಮಿಸುತ್ತಾರೆ, ಪುಟ ತುಂಬಿದ್ದರೆ. ಕಲ್ಲಿನ ಮೇಲೆ ಶಾಸನ ಕೆತ್ತಿದ ನಾಡು ನಮ್ಮದು, ಪರಂಪರೆ ಬಿಡಬಾರದು.

ಸಿಲಬಸ್ ಮಾತ್ರ ಭಾರಿ ಚುರುಕು. 2018ರ ಸ್ಕೀಮು, ಆಮೇಲೆ 2021ರದ್ದು, ಮರುವರ್ಷವೇ 2022ರದ್ದು. ಬ್ಯಾಕ್‌ಲಾಗ್ ಇಟ್ಟುಕೊಂಡ ಹುಡುಗನಿಗೆ ತಾನು ಯಾವ ಸ್ಕೀಮಿನ ಸಂತಾನ ಅಂತ ಗೋತ್ರ ಹೇಳಿಕೊಳ್ಳುವುದೇ ಒಂದು ಸಬ್ಜೆಕ್ಟು.

ಈ ಸ್ಕೀಮುಗಳನ್ನು ಹೊರಡಿಸುವ, 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ಅವರು ಸಿವಿಲ್ ಎಂಜಿನಿಯರ್. ಅದರ ಕಾಲೇಜುಗಳಲ್ಲಿ ಈಗ ಸಿವಿಲ್ ಶಾಖೆಗೆ ಬೀಗ ಬೀಳುತ್ತಿದೆ. ಸೆಪ್ಟೆಂಬರ್ 15ಕ್ಕೆ ಪೇಟ ಸುತ್ತಿದ ಆ ಫೋಟೊಗೆ ಹಾರ ಹಾಕುತ್ತಾರೆ, ಹಿಂದಿನ ಗೋಡೆಯ ಮೇಲೆ ಎಐ ಲ್ಯಾಬಿನ ಬ್ಯಾನರು. 1917ರಲ್ಲಿ ಅವರೇ ಮುಂದೆ ನಿಂತು ಶುರು ಮಾಡಿಸಿದ ಕಾಲೇಜಿನಲ್ಲಿ ಮೊದಲಿಗಿದ್ದ ಶಾಖೆಗಳು ಸಿವಿಲ್ ಮತ್ತು ಮೆಕ್ಯಾನಿಕಲ್. ಬೆಂಗಳೂರಿನ ಕೆ.ಆರ್. ಸರ್ಕಲ್ಲಿನಲ್ಲಿ ಆ ಕಾಲೇಜು ಈಗಲೂ ಇದೆ. ಅದೇ ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ 2023ರ ಮೇ ತಿಂಗಳ ಒಂದು ಮಳೆಗೆ ನೀರು ನಿಂತು, ಕಾರಿನಲ್ಲಿದ್ದ ಯುವತಿಯೊಬ್ಬಳು ಸತ್ತಳು. ಸಾಫ್ಟ್‌ವೇರ್ ಉದ್ಯೋಗಿ. ಇದಕ್ಕೆ ಏನು ಜೋಕು ಮಾಡಲಿ? ನೀರು ಹರಿದುಹೋಗಲು ಚರಂಡಿ ಎಲ್ಲಿರಬೇಕು ಅಂತ ಗೊತ್ತಿರುವವರು ನಮಗೆ ಬೇಡವಾಗಿದ್ದಾರೆ, ಗೊತ್ತಿದ್ದು ಹೇಳಿದವರ ಮಾತೂ ಬೇಡವಾಗಿದೆ. ತೆಂಗಿನ ತೋಟ ಮಾರಿ ಕಂಸದೊಳಗಿನ ಸೀಟು ಹಿಡಿಯುವ ಅಪ್ಪಂದಿರನ್ನು ನೋಡಿ ನಕ್ಕು ನಕ್ಕು ಸಾಕಾಗಿದೆ.

ಅಳಿಯನಿಗೆ ಕಡೆಗೆ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿತು. ಕಂಸ ಇಲ್ಲದ್ದು. ನಿನ್ನೆ ಅಕ್ಕ ಫೋನ್ ಮಾಡಿದ್ದಳು. "ಲೋ, ಮಗೂಗೆ ರೆಕಾರ್ಡ್ ಬರೆದು ಬರೆದು ಕೈ ನೋವಂತೆ. ನಿನ್ನ ಅಕ್ಷರ ಚೆನ್ನಾಗಿದೆಯಲ್ಲ, ಒಂದು ನಾಲ್ಕು ಪ್ರೋಗ್ರಾಂ ಬರೆದುಕೊಡೋ."

ಎರಡು ಮುಗಿಸಿದ್ದೇನೆ. ಔಟ್‌ಪುಟ್ಟಿಗೆ ಪೆನ್ಸಿಲು ಚೂಪು ಮಾಡುತ್ತಿದ್ದೇನೆ.