ಮೀನಿನ ಕೆರೆಗೆ ಬಾಗಿದ ಟ್ರ್ಯಾಕ್, ಲೆಕ್ಕ ಇಡದ ನಮ್ಮ ಕರೆ

ಸದರ್ನ್ 500 ಕಾರ್ ರೇಸ್ ನಡೆಯುವುದು ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಡಾರ್ಲಿಂಗ್ಟನ್‌ನಲ್ಲಿ. ಶಾರ್ಲೆಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಸುಮಾರು ಎರಡು ಗಂಟೆಯ ದಾರಿ. ಅಲ್ಲಿ ಪಕ್ಕದ ಸೀಟಿನ ಅಭಿಮಾನಿಯನ್ನು "ಈ ಟ್ರ್ಯಾಕ್ ಯಾಕೆ ಮೊಟ್ಟೆಯ ಹಾಗಿದೆ?" ಅಂತ ಕೇಳಿದರೆ ಸಾಕು, ಕೆರೆಯ ಕತೆ ಪೂರ್ತಿ ಬರುತ್ತದೆ. ಕೇಳುವಾಗ ಖುಷಿಯಾಗುತ್ತದೆ. ಆಮೇಲೆ ಊರಿನ ಕಂಬಳ, ಕೋಣಗಳು ಓಡುವ ಕೆಸರಿನ ಕರೆ (ಓಟದ ಹಾದಿ) ನೆನಪಾಗಿ, ಅದರ ಲೆಕ್ಕ ನಾವು ಇಡಲಿಲ್ಲವಲ್ಲ ಎಂದು ಹೊಟ್ಟೆಯಲ್ಲಿ ಸಂಕಟ.

ಕತೆ ಇಷ್ಟು. ಹೆರಾಲ್ಡ್ ಬ್ರೇಸಿಂಗ್ಟನ್ ಎಂಬ ಸ್ಥಳೀಯರು 1933ರಲ್ಲಿ ಇಂಡಿಯಾನಾಪೊಲಿಸ್ 500 ಎಂಬ ಕಾರ್ ರೇಸ್ ನೋಡಿ ಬಂದಿದ್ದರು. ಅಂಥದ್ದೇ ನಮ್ಮೂರಲ್ಲೂ ಆಗಬೇಕು ಎಂಬ ಹುಚ್ಚು ಹತ್ತಿ, 1949ರಲ್ಲಿ ಷರ್ಮನ್ ರ‍್ಯಾಮ್ಸಿಯವರ ಹೊಲದಲ್ಲಿ ಮಣ್ಣು ಅಗೆಸಲು ಶುರುಮಾಡಿದರು. ರ‍್ಯಾಮ್ಸಿ ಹಾಕಿದ ಷರತ್ತು ಒಂದೇ, ತನ್ನ ಮೀನಿನ ಕೆರೆ ಮುಟ್ಟಬಾರದು. ಬ್ರೇಸಿಂಗ್ಟನ್ ಕೊಟ್ಟ ಮಾತಿಗೆ ನಿಂತರು. ಕೆರೆ ಇದ್ದ ಪಶ್ಚಿಮದ ತಿರುವು ಕಿರಿದಾಯಿತು, ಎದುರಿನದು ಅಗಲವಾಗಿ ಉಳಿಯಿತು.

ಆ ಮಾತಿನ ಭಾರವನ್ನು ಕಾರುಗಳು ಇಂದಿಗೂ ಹೊರುತ್ತಿವೆ. ಒಂದು ತುದಿಯ ಇಳಿಜಾರು 25 ಡಿಗ್ರಿ, ಇನ್ನೊಂದರದು 23. ಒಂದು ತಿರುವಿಗೆ ಸರಿಹೋಗುವಂತೆ ಸ್ಪ್ರಿಂಗು, ಟೈರಿನ ಗಾಳಿ ಹೊಂದಿಸಿದರೆ ಇನ್ನೊಂದರಲ್ಲಿ ಮೂತಿ ತಿರುಗುವುದಿಲ್ಲ, ಇಲ್ಲವೇ ಹಿಂಭಾಗ ಜಾರುತ್ತದೆ. ಎರಡಕ್ಕೂ ಅರ್ಧರ್ಧ ಒಗ್ಗುವಂತೆ ಮಾಡಿಕೊಂಡೇ ಓಡಿಸಬೇಕು. ವೇಗದ ದಾರಿ ಇರುವುದು ಗೋಡೆಯ ಪಕ್ಕದಲ್ಲೇ. ಹಿಂದಿನ ಬಲಗಡೆ ಗೋಡೆಗೆ ಸವರಿ ಬಣ್ಣ ಕಿತ್ತುಬಂದರೆ ಅದಕ್ಕೆ "ಡಾರ್ಲಿಂಗ್ಟನ್ ಪಟ್ಟೆ" ಅನ್ನುತ್ತಾರೆ. ತಗಡಿನ ಕಾರುಗಳ ಕಾಲದಲ್ಲಿ ಒಳಕ್ಕೆ ನೆಗ್ಗಿದ ಮಡ್‌ಗಾರ್ಡ್ ಟೈರಿಗೆ ಉಜ್ಜಿ ಮೊದಲು ನೀಲಿ ಹೊಗೆ, ಆಮೇಲೆ ಟೈರೇ ಢಮಾರ್. ಪಿಟ್‌ಗೆ (ರೇಸಿನ ನಡುವೆ ಕಾರು ಸರಿಮಾಡುವ ಜಾಗಕ್ಕೆ) ತಂದು ತಗಡನ್ನು ಕೈಯಲ್ಲೇ ಹೊರಗೆಳೆಯುತ್ತಿದ್ದರು. 2022ರಿಂದ ಬಂದ ಕಾರಿನ ಮೈ ಅಷ್ಟು ಸುಲಭಕ್ಕೆ ನೆಗ್ಗುವುದಿಲ್ಲ. ಆದರೆ ಪೆಟ್ಟು ಜೋರಾದರೆ ಹಿಂದಿನ ಚಕ್ರವನ್ನು ನೇರ ಹಿಡಿಯುವ ಸರಳು ಬಾಗಿ ಕಾರು ಓರೆಯಾಗಿಬಿಡುತ್ತದೆ.

ಮೊದಲ ರೇಸಿನ ಲೆಕ್ಕವಂತೂ ಅಂಗೈಯಲ್ಲಿದೆ. 1950ರ ಸೆಪ್ಟೆಂಬರ್ 4. ಸಾಲಿಗೆ ಮೂರರಂತೆ 25 ಸಾಲು, ಒಟ್ಟು 75 ಕಾರು. 1.25 ಮೈಲಿಯ ಟ್ರ್ಯಾಕಿನಲ್ಲಿ 400 ಸುತ್ತು. ಬಿಸಿಲಿಗೆ ಕಾದ ಟಾರಿನ ಮೇಲೆ ಸಾಧಾರಣ ಟೈರುಗಳು ಒಂದರ ಹಿಂದೊಂದು ಸಿಡಿದವು. ತಂಡದವರು ಪ್ರೇಕ್ಷಕರ ಕಾರಿನ ಟೈರುಗಳನ್ನೇ ಕೇಳಿ ಬಿಚ್ಚಿಕೊಂಡರು ಎಂಬ ಮಾತಿದೆ. 43ನೆಯವರಾಗಿ ಹೊರಟ ಜಾನಿ ಮ್ಯಾಂಟ್ಸ್ ತಮ್ಮ ಪುಟ್ಟ ಪ್ಲಿಮತ್‌ಗೆ ಟ್ರಕ್ಕಿನ ಗಟ್ಟಿ ಟೈರು ಹಾಕಿಕೊಂಡು ನಿಧಾನಕ್ಕೇ ಓಡಿಸಿದರು. ಉಳಿದವರು ಪಿಟ್‌ನಲ್ಲಿ ಟೈರು ಬದಲಿಸುತ್ತಿದ್ದರೆ ಇವರು ಸುತ್ತು ಹೊಡೆಯುತ್ತಲೇ ಇದ್ದರು. ಆರೂವರೆ ಗಂಟೆ ದಾಟಿ ಮುಗಿದ ರೇಸನ್ನು ಗೆದ್ದವರು ಅವರೇ, ಸರಾಸರಿ ವೇಗ ಗಂಟೆಗೆ ಸುಮಾರು 75 ಮೈಲಿ. ಮುಂದೆ 1965ರಲ್ಲಿ ನೆಡ್ ಜಾರೆಟ್ 14 ಸುತ್ತುಗಳ ಅಂತರದಲ್ಲಿ ಗೆದ್ದರು. ಟೆರ‍್ರಿ ಲಬಾಂಟಿ ಅವರ ಮೊದಲ ಗೆಲುವು 1980ರಲ್ಲಿ ಇಲ್ಲೇ, ಕೊನೆಯದು 2003ರಲ್ಲಿ ಇಲ್ಲೇ. ಯಾವ ವರ್ಷ ಬೇಕು ಕೇಳಿ, ಸಿಗುತ್ತದೆ.

ನಮ್ಮಲ್ಲಿ? ಹಗ್ಗ ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ, ಹೀಗೆ ಕಂಬಳದ ಪ್ರತಿಯೊಂದು ವಿಭಾಗದಲ್ಲೂ ಗೆದ್ದ ಯಜಮಾನರ ಹೆಸರು, ಓಡಿಸಿದವರ ಹೆಸರು ಮರುದಿನದ ಪೇಪರಿನಲ್ಲಿ ಬರುತ್ತದೆ. ಪೇಪರು ರದ್ದಿಗೆ ಹೋದ ಮೇಲೆ? ಹಲವು ವರ್ಷದ ಹಿಂದೆ ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳದಲ್ಲಿ ಯಾರ ಕೋಣ ಮೊದಲು ಬಂತು ಎಂದರೆ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಬೇಕು. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಎಂಬ ಒಂದೇ ಒಂದು ಅಂಕಿ ಹೊರಬಿದ್ದದ್ದಕ್ಕೆ ಜಗತ್ತು ತಿರುಗಿ ನೋಡಿತು. ಅವರಿಗಿಂತ ಮೊದಲು ಅದೇ ಕೆಸರಲ್ಲಿ ಓಡಿದವರು ಎಷ್ಟು ಜನ! ಅವರ ಸೆಕೆಂಡುಗಳೆಲ್ಲ ಎಲ್ಲಿ ಹೋದವು? ಕರೆಯ ಉದ್ದ, ಕೋಣಗಳ ಹೆಸರು, ಗಂತಿನಿಂದ (ಓಟ ಶುರುವಾಗುವ ತುದಿ) ಬಿಟ್ಟು ಮಂಜೊಟ್ಟಿ (ಓಟ ಮುಗಿಯುವ ತುದಿ) ಮುಟ್ಟುವವರೆಗಿನ ಸಮಯ, ಸೋತವರದ್ದೂ ಸೇರಿಸಿ, ಕರೆಗೊಂದು ದಪ್ಪ ಪುಸ್ತಕ ಇಡಲು ಎಷ್ಟು ಖರ್ಚು?

ಡಾರ್ಲಿಂಗ್ಟನ್‌ನವರೂ ಎಡವಿದ್ದಾರೆ ಎನ್ನುವುದನ್ನು ಹೇಳಲೇಬೇಕು. 1950ರಿಂದ ಲೇಬರ್ ಡೇ (ಅಮೆರಿಕದ ಕಾರ್ಮಿಕರ ದಿನ) ರಜೆಗೆ ಅಂಟಿಕೊಂಡಿದ್ದ ರೇಸಿನ ದಿನವನ್ನು 2004ರಲ್ಲಿ ಕ್ಯಾಲಿಫೋರ್ನಿಯಾದ ಟ್ರ್ಯಾಕಿಗೆ ಕೊಟ್ಟುಬಿಟ್ಟರು. ಮರುವರ್ಷ ಹೆಸರೂ ಹೋಯಿತು. 2009ರಲ್ಲಿ ಹೆಸರು ವಾಪಸಾಯಿತು, ದಿನ ಮರಳಲು 2015ರವರೆಗೆ ಕಾಯಬೇಕಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧಕ್ಕೆ ನಿಂತವರ ಬಾವುಟವನ್ನು ರೇಸಿನ ಮೈದಾನಗಳಿಂದ ಹೊರಗಿಟ್ಟದ್ದು 2020ರಲ್ಲಷ್ಟೇ. ಇಷ್ಟೆಲ್ಲ ಬರೆದಿಟ್ಟವರು ಅದನ್ನು ಸರಿಮಾಡಲು ಅಷ್ಟು ವರ್ಷ ತೆಗೆದುಕೊಂಡರು.

ಮನೆತನದವರು ನಡೆಸುವ ಪೂಕರೆ ಕಂಬಳದ ದಿನವನ್ನು ಹೀಗೆ ಇನ್ನೊಂದೂರಿಗೆ ಕೊಡುವ ಮಾತೇ ಏಳುವುದಿಲ್ಲ. ಗದ್ದೆ ಅದೇ, ದೈವಕ್ಕೆ ಇಡುವ ಹೂವು ಅದೇ. ಅದನ್ನು ಕಾಯ್ದುಕೊಂಡು ಬಂದದ್ದು ಪುಸ್ತಕವಲ್ಲ, ಮನೆಯವರ ನೆನಪು, ಅದನ್ನೂ ಒಪ್ಪಬೇಕು. ಆದರೂ ಈ ಸಲ ಕಂಬಳಕ್ಕೆ ಹೋಗುವ ಊರಿನ ಹುಡುಗರು ಮೊಬೈಲು ವಿಡಿಯೊಗೆ ಹಿಡಿಯುವ ಮೊದಲು ಪಕ್ಕದಲ್ಲಿ ನಿಂತ ಅಜ್ಜನನ್ನು ಒಮ್ಮೆ ಮಾತಾಡಿಸಲಿ. 1980ರ ಸುಮಾರಿಗೆ ಯಾರ ಮನೆಯ ಕೋಣ ಮುಂದಿತ್ತು, ಅದರ ಹೆಸರೇನು, ಓಡಿಸಿದ್ದು ಯಾರು ಎಂದು ಕೇಳಿ, ದಿನಾಂಕ ಹಾಕಿ ಬರೆದುಕೊಳ್ಳಲಿ.