ಐದನೇ ಬೆರಳು

ಮೆಲ್ಬರ್ನ್‌ನ ಕನ್ನಡದ ಮನೆಗಳಲ್ಲಿ ಭಾನುವಾರದ ವಿಡಿಯೊ ಕಾಲ್ ಒಂದು ಜಾಗದಲ್ಲಿ ತಪ್ಪದೆ ಮುಗ್ಗರಿಸುತ್ತದೆ. ಊರಿಂದ ದೊಡ್ಡಪ್ಪ ‘ಎಲ್ಲಿ ಪುಟ್ಟಾ, ನನಗೊಂದು ಮುತ್ತು?’ ಅನ್ನುತ್ತಾರೆ. ಪ್ರೆಪ್ ಕ್ಲಾಸಿನ (ಇಲ್ಲಿ ಶಾಲೆಯ ಮೊದಲ ವರ್ಷ) ಮಗು ‘ಬೇಡ, ಟಾಟಾ ಮಾಡ್ತೀನಿ’ ಅಂದು ಕೈಬೀಸುತ್ತದೆ. ಆ ಕಡೆ ಅರೆಗಳಿಗೆ ಮೌನ. ಆಮೇಲೆ, ‘ನಿಮ್ಮ ಮಕ್ಕಳಿಗೆ ಸಲಿಗೆ ಜಾಸ್ತಿ ಆಯ್ತು.’

ಚುಚ್ಚುವ ಮಾತೇ. ಆದರೆ ಈ ವಿಷಯದಲ್ಲಿ ನನ್ನ ಓಟು ಮಗುವಿಗೆ. ಇಲ್ಲಿನ ಐದು ವರ್ಷದವರಿಗೆ ಕಲಿಸುವ ಪಾಠ ಚಿಕ್ಕದು: ಮುಟ್ಟುವ ಮುಂಚೆ ಕೇಳು, ‘ಬೇಡ’ ಅಂದರೆ ತಕ್ಷಣ ನಿಲ್ಲಿಸು. ಕಚಗುಳಿಗೂ ಇದೇ ನಿಯಮ. ಮಗು ನಗುತ್ತಲೇ ‘ಸಾಕು’ ಅಂದರೂ ಕೈ ತೆಗೆಯಬೇಕು. ನಮ್ಮಲ್ಲಿ ನಗು ನಿಲ್ಲುವವರೆಗೂ, ಕೆಲವೊಮ್ಮೆ ಅಳು ಬರುವವರೆಗೂ ಬಿಡುವುದಿಲ್ಲ. ದೊಡ್ಡವರಿಗೆ ಆಸೆಯಾದರೆ ತನ್ನ ‘ಬೇಡ’ಕ್ಕೆ ಬೆಲೆಯಿಲ್ಲ ಅಂತ ಹಾಗೆ ಕಲಿತ ಮಗು, ನಿಜವಾಗಿ ಬೇಡ ಅನ್ನಬೇಕಾದ ದಿನ ಬಾಯಿ ಬಿಡುವುದಿಲ್ಲ. (ದೂರದಿಂದಲೇ ಕೈಮುಗಿಯುವ ಚಂದದ ಪದ್ಧತಿ ಇರುವ ಜನಕ್ಕೆ ಈ ಮುತ್ತಿನ ಹಟ ಎಲ್ಲಿಂದ ಬಂತೋ.)

‘ಗುಡ್ ಟಚ್, ಬ್ಯಾಡ್ ಟಚ್’ ನಮ್ಮ ಶಾಲೆಗಳಲ್ಲೂ ಹೇಳುತ್ತಾರೆ, ನಿಜ. ಆ ಹೆಸರಲ್ಲೇ ಒಂದು ತೊಡಕಿದೆ. ಮಗುವನ್ನು ಬಲೆಗೆ ಹಾಕಿಕೊಳ್ಳುವವನು ಚಾಕೊಲೇಟು, ಹೊಗಳಿಕೆ, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಇವುಗಳಿಂದ ಶುರುಮಾಡುತ್ತಾನೆ. ಅದರಲ್ಲಿ ಯಾವುದೂ ಮಗುವಿಗೆ ‘ಬ್ಯಾಡ್’ ಅನ್ನಿಸುವುದಿಲ್ಲ. ಕೊನೆಗೆ ಬ್ಯಾಡ್ ಆದದ್ದು ತಾನೇ ಅಂದುಕೊಳ್ಳುತ್ತದೆ. ಅದಕ್ಕೇ ಈಗ ಸುರಕ್ಷಿತ, ಅಸುರಕ್ಷಿತ ಎಂಬ ಮಾತು. ಅಂಗಗಳಿಗೂ ಸರಿಯಾದ ಹೆಸರು ಬೇಕು. ಮನೆಮಂದಿಗೆ ಮಾತ್ರ ಗೊತ್ತಿರುವ ಮುದ್ದಿನ ಹೆಸರಲ್ಲಿ ದೂರು ಹೇಳಿದರೆ ಟೀಚರಿಗೆ ತಿಳಿಯುವುದೇ ಇಲ್ಲ.

ಇನ್ನು ಗುಟ್ಟು. ‘ಅಮ್ಮನಿಗೆ ಹೇಳ್ಬೇಡ ಆಯ್ತಾ’ ಅಂತ ಐಸ್‌ಕ್ರೀಮ್ ಕೊಡಿಸುವ ಮಾವ ಯಾರ ಮನೆಯಲ್ಲಿಲ್ಲ? ಪಾಪ, ಪ್ರೀತಿಯಿಂದಲೇ. ಆದರೆ ಆಟದ ಚಾಟ್‌ನಲ್ಲಿ ಅಪರಿಚಿತ ಟೈಪ್ ಮಾಡುವುದೂ ಅದೇ ವಾಕ್ಯ. ಇಲ್ಲಿ ಮಕ್ಕಳಿಗೆ ಗುಟ್ಟು ಬೇರೆ, ಸರ್‌ಪ್ರೈಸ್ ಬೇರೆ ಅಂತ ಬಿಡಿಸಿ ಹೇಳುತ್ತಾರೆ. ಹುಟ್ಟುಹಬ್ಬದ ಉಡುಗೊರೆ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ಯಾವತ್ತೂ ಹೇಳಬೇಡ ಅಂದದ್ದನ್ನು ಅವತ್ತೇ ಹೇಳಬೇಕು.

ಪರದೆಯ ಮೇಲೆ ಅಸುರಕ್ಷಿತ ಅನ್ನಿಸುವಂಥದ್ದು ಏನಾದರೂ ಬಂದರೆ ಮಗು ಮಾಡಬೇಕಾದ್ದು ಇಷ್ಟು: ಟ್ಯಾಬ್ ಬೋರಲು ಹಾಕು, ಎದ್ದು ಬಾ, ಹೇಳು. ಕೆಡುವುದು ಮುಂದಿನ ಹೆಜ್ಜೆಯಲ್ಲಿ. ದೊಡ್ಡವರು ಟ್ಯಾಬ್ ಕಿತ್ತುಕೊಂಡು ಬೈದರೆ, ಹೇಳಿದ್ದಕ್ಕೇ ಶಿಕ್ಷೆ ಆಯ್ತು ಅಂತ ಮಗು ಮುಂದಿನ ಸಲ ಸುಮ್ಮನಾಗುತ್ತದೆ. ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು’ ಆಗಿರಲಿ. ಆಮೇಲೆ ಮೆಸೇಜು, ಯೂಸರ್‌ನೇಮ್‌ಗಳ ಸ್ಕ್ರೀನ್‌ಶಾಟ್, ನಂತರ ರಿಪೋರ್ಟ್, ಕೊನೆಗೆ ಬ್ಲಾಕ್. ಮೊದಲೇ ಬ್ಲಾಕ್ ಮಾಡಿದರೆ ಸಾಕ್ಷಿ ಕೈತಪ್ಪಬಹುದು. ಮಕ್ಕಳ ನಗ್ನಚಿತ್ರ ಇದ್ದರೆ ಮಾತ್ರ ಅದನ್ನು ಉಳಿಸುವುದು, ಇನ್ನೊಬ್ಬರಿಗೆ ಕಳಿಸುವುದು ಎರಡೂ ಬೇಡ, ಅದೇ ಅಪರಾಧ.

ನಾವೂ ಫೋಟೊ ಹಾಕುವ ಮುಂಚೆ ಮಗುವನ್ನೇ ಕೇಳಬೇಕು. ಊರಿನ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಯೂನಿಫಾರ್ಮ್, ಶಾಲೆಯ ಹೆಸರಿನ ಬ್ಯಾಡ್ಜ್, ವ್ಯಾನಿನ ನಂಬರು ಎಲ್ಲ ಒಂದೇ ಚಿತ್ರದಲ್ಲಿ. ದೃಷ್ಟಿಬೊಟ್ಟು ಮಾತ್ರ ಮರೆಯುವುದಿಲ್ಲ.

ಇಲ್ಲಿನ ಸರ್ಕಾರ ಎಲ್ಲ ನೋಡಿಕೊಳ್ಳುತ್ತೆ ಅಂತಲೂ ಅಲ್ಲ. 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ಖಾತೆ ಇಲ್ಲ; ಆದರೆ ಪುಟ್ಟ ಮಕ್ಕಳು ಇರುವುದು ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟದಲ್ಲಿ, ಅಜ್ಜಿಯ ವಾಟ್ಸಾಪ್‌ನಲ್ಲಿ. ನಿಷೇಧದ ಪಟ್ಟಿಗೆ ಅವೆರಡೂ ಸೇರಲಿಲ್ಲ. ನಮ್ಮಲ್ಲೂ ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆ ಇದೆ. ‘ಹಟ ಮಾಡಿದ್ರೆ ಪೊಲೀಸಿಗೆ ಹಿಡ್ಕೊಡ್ತೀನಿ’ ಅಂತ ಹೆದರಿಸಿ ಬೆಳೆಸಿದ ಮಗು ಅಲ್ಲಿಗೆ ಹೋಗುವುದು ಹೇಗೆ ಅನ್ನುವುದೇ ಪ್ರಶ್ನೆ.

ಒಂದು ವಿಷಯಕ್ಕೆ ಮಾತ್ರ ಊರನ್ನು ಒಪ್ಪಲೇಬೇಕು. ಮಕ್ಕಳಿಗೆ ತಮ್ಮ ಸುರಕ್ಷತೆ ಕಲಿಸುವ ‘ಪ್ರೊಟೆಕ್ಟಿವ್ ಬಿಹೇವಿಯರ್ಸ್’ ಎಂಬ ಪಾಠಕ್ರಮ 1970ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೇರುಬಿಟ್ಟಿತು. ಅದರಲ್ಲೊಂದು ಚಟುವಟಿಕೆ: ಕಾಗದದ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದು, ಒಂದೊಂದು ಬೆರಳಿಗೂ ನಂಬುವ ದೊಡ್ಡವರೊಬ್ಬರ ಹೆಸರು. ಮನೆಯ ಹೊರಗಿನವರೂ ಇರಬೇಕು. ಒಬ್ಬರು ನಂಬದಿದ್ದರೆ ಇನ್ನೊಬ್ಬರ ಬಳಿ ಹೋಗಬೇಕು. ಹೆಸರು ಬಂದವರಿಗೂ ‘ಇವಳು ಬಂದು ಹೇಳಿದರೆ ನಂಬ್ತೀರಾ?’ ಅಂತ ಮೊದಲೇ ಕೇಳಿ ಒಪ್ಪಿಸಬೇಕು. ಇಲ್ಲಿನ ನಮ್ಮ ಮಕ್ಕಳ ಕಾಗದದಲ್ಲಿ ಅಮ್ಮ, ಅಪ್ಪ, ಟೀಚರ್, ಎಳೆದು ತಂದ ಒಬ್ಬ ಫ್ಯಾಮಿಲಿ ಫ್ರೆಂಡ್, ಕಿರುಬೆರಳು ಖಾಲಿ. ದಾವಣಗೆರೆಯ ಒಂದು ಬೀದಿಯ ಮಗುವಿಗೆ ಅತ್ತೆ, ಪಕ್ಕದ್ಮನೆ ಅಜ್ಜಿ, ಟ್ಯೂಷನ್ ಮಿಸ್ ಅಂತ ಎರಡು ಕೈ ಸಾಲದು.

ಆ ಬೆರಳಿಗೆ ಊರಿನ ಅತ್ತೆಯನ್ನೇ ಬರೆಯಬಹುದು, ಫೋನ್ ಎತ್ತುವವಳಾದರೆ. ಇಲ್ಲಿ ಶಾಲೆ ಬಿಡುವ ಮೂರೂವರೆಗೆ ಅಲ್ಲಿ ಬೆಳಗಿನ ಹನ್ನೊಂದು, ಇಲ್ಲಿನ ಬೇಸಿಗೆಯಲ್ಲಾದರೆ ಹತ್ತು. ಒಗ್ಗರಣೆಯ ಹೊತ್ತು, ಫೋನು ಅಡುಗೆಕಟ್ಟೆಯ ಮೇಲೇ ಇರುತ್ತದೆ.