ದೇವಿಮನೆ ಘಟ್ಟದ ರಸ್ತೆ ಯಾರದ್ದು?

ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಶಿರಸಿ–ಕುಮಟಾ ನಡುವಿನ ಘಟ್ಟದ ರಸ್ತೆಯ ಬಗ್ಗೆ ಒಂದೇ ಪ್ರಶ್ನೆ: ದೇವಿಮನೆ ಘಟ್ಟ ಓಪನ್ ಇದೆಯಾ? ಮದುವೆಗೆ ಹೊರಟವರು ಕೇಳುತ್ತಾರೆ, ಮೀನಿನ ಗಾಡಿಯವರು ಕೇಳುತ್ತಾರೆ. ಮಣಿಪಾಲಕ್ಕೋ ಮಂಗಳೂರಿಗೋ ರೋಗಿಯನ್ನು ಕರೆದೊಯ್ಯಬೇಕಾದವರು ಎಲ್ಲರಿಗಿಂತ ಮೊದಲು ಕೇಳುತ್ತಾರೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಇಷ್ಟು ಹತ್ತಿರದ ಎರಡು ಊರುಗಳ ನಡುವೆ ಓಡಾಡಲು ಈ ಕಾಲದಲ್ಲೂ ಹೀಗೆ ಕೇಳಿಕೊಂಡು ಹೊರಡಬೇಕಾಗಿರುವುದು ನನಗೆ ತುಂಬ ನೋವಿನ ಸಂಗತಿ.

ರಸ್ತೆ ಅಗಲ ಮಾಡಬೇಕಾ ಬೇಡವಾ ಎಂದು ಜಗಳ ಆಡುವವರು ಬಹಳ ಜನ ಇದ್ದಾರೆ. ಈ ರಸ್ತೆ ಹುಟ್ಟಿದ್ದು ಯಾಕೆ ಎಂದು ಕೇಳಿದವರು ಕಡಿಮೆ. ಅದನ್ನು ತಿಳಿದುಕೊಂಡ ಮೇಲೆ ಈಗಿನ ಜಗಳವೂ ಬೇರೆ ಥರ ಕಾಣುತ್ತದೆ. ಈ ಘಟ್ಟದ ಮೇಲೆ ದೊಡ್ಡ ದುಡ್ಡು ಬಿದ್ದಾಗೆಲ್ಲ ಅದು ಬಿದ್ದಿದ್ದು ದೂರದಿಂದ ಬಂದು ದೂರಕ್ಕೆ ಹೋಗುವ ಸರಕಿಗಾಗಿ. ದಾರಿ ಬದಿಯ ಊರುಗಳಿಗೆ ಸಿಕ್ಕಿದ್ದು ಅದರ ಮಿಕ್ಕ ಪಾಲು.

ಮೊದಲು ದಾರಿಯನ್ನೇ ಹೇಳಿಬಿಡುತ್ತೇನೆ. ಹಳೆಯ ಕಾಗದಗಳಲ್ಲಿ ಇದು ಕುಮಟಾ–ತಡಸ ರಾಜ್ಯ ಹೆದ್ದಾರಿ, ನಂಬರ್ 69. ಕರಾವಳಿ ಬಿಟ್ಟು ಕತಗಾಲದ ತೋಟ, ಗದ್ದೆಗಳನ್ನು ದಾಟಿದರೆ ಕಾಡು ಶುರು. ಯಾಣಕ್ಕೆ ಹೋಗುವವರು ಆನೆಗುಂದಿಯ ಹತ್ತಿರ ತಿರುಗಿಕೊಳ್ಳುತ್ತಾರೆ. ಉಳಿದವರು ಘಟ್ಟ ಹತ್ತಿ ದೇವಿಮನೆ ದೇವಸ್ಥಾನದ ಎದುರು ಗಾಡಿ ನಿಧಾನ ಮಾಡಿ, ಕೈಮುಗಿದು, ರಾಗಿಹೊಸಳ್ಳಿಯ ಮೇಲೆ ಶಿರಸಿಗೆ ಬರುತ್ತಾರೆ. ಅಲ್ಲಿಂದ ಮಳಗಿ, ಮುಂಡಗೋಡ, ಆಮೇಲೆ ತಡಸ. ತಡಸ ಮುಟ್ಟುವಷ್ಟರಲ್ಲಿ ಮಣ್ಣಿನ ಬಣ್ಣ, ಊಟ, ಮಾತಿನ ಧಾಟಿ ಎಲ್ಲ ಬದಲಾಗಿರುತ್ತದೆ. ಹುಬ್ಬಳ್ಳಿ ಅಲ್ಲಿಂದ ದೂರವಿಲ್ಲ. ಕುಮಟಾ–ಶಿರಸಿ ಭಾಗ ಈಗ ರಾಷ್ಟ್ರೀಯ ಹೆದ್ದಾರಿ 766ಇ ಆಗಿದೆ. ಹೆಸರು ದೊಡ್ಡದಾಗಿದೆ, ಗುಡ್ಡ ಅದೇ.

ಇಂಗ್ಲಿಷರಿಗಿಂತ ಎಷ್ಟೋ ಮೊದಲೇ ಘಟ್ಟದ ಮೇಲಿನ ಕಾಳುಮೆಣಸು ಕೆಳಗಿನ ಬಂದರುಗಳಿಗೆ ಇಳಿಯುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದಿದ್ದು ಸುಮ್ನೆ ಅಲ್ಲ. ಆಗ ಗಾಡಿ ಓಡುವ ದಾರಿಗಳಿರಲಿಲ್ಲ. ಹೇರು ಹೊತ್ತ ಎತ್ತುಗಳು ಸಾಲಾಗಿ ಇಳಿಯುತ್ತಿದ್ದವು. ಹಿಂದಿರುಗುವಾಗ ಕರಾವಳಿಯ ಉಪ್ಪು ಹೊತ್ತು ಹತ್ತುತ್ತಿದ್ದವು. ಘಟ್ಟದ ಮೇಲಿನವರಿಗೆ ಉಪ್ಪು ಬೇಕು, ಕೆಳಗಿನವರಿಗೆ ಅಕ್ಕಿ ಬೇಕು. ಈ ಕೊಡು-ಕೊಳ್ಳುವಿಕೆಗೆ ಕಾಲುದಾರಿ ಸಾಕಾಗಿತ್ತು.

ಸಾಲದೆ ಹೋಗಿದ್ದು ಹತ್ತಿಗೆ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಕರಿಮಣ್ಣಿನ ಹತ್ತಿ ಮುಂಬೈ ಸೇರಬೇಕು, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗಬೇಕು. ರೈಲು ಇನ್ನೂ ಬಂದಿರಲಿಲ್ಲ. ಹತ್ತಿರದ ಸಮುದ್ರ ಎಂದರೆ ಕುಮಟಾ. ಬೇಸಿಗೆಯಲ್ಲಿ ಹತ್ತಿ ಬಿಡಿಸಬೇಕು, ಮಳೆ ಹಿಡಿಯುವ ಮೊದಲು ಅಂಡಿಗೆಗಳು, ಅಂದರೆ ಹತ್ತಿಯ ಮೂಟೆಗಳು, ಬಂದರು ಮುಟ್ಟಬೇಕು. ಜೂನ್ ಬಂದರೆ ಸಮುದ್ರವೂ ಬಂದ್, ಘಟ್ಟವೂ ಬಂದ್. ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಈ ಗುಡ್ಡವನ್ನು ಕಡಿದು ಎತ್ತಿನಗಾಡಿ ಇಳಿಯುವಂಥ ರಸ್ತೆ ಮಾಡಿದರು. ಕುಮಟಾದ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ದೋಣಿಗಳಲ್ಲಿ ಅಂಡಿಗೆ ಸಾಗಿಸಿ, ದೂರ ನಿಂತ ಹಡಗಿಗೆ ಏರಿಸಬೇಕಿತ್ತು. ಅಷ್ಟೆಲ್ಲ ತಾಪತ್ರಯದ ನಡುವೆಯೂ ಧಾರವಾಡ ಸೀಮೆಯ ಹತ್ತಿ ಮುಂಬೈ, ಲಿವರ್‌ಪೂಲ್ ಮಾರುಕಟ್ಟೆಗಳಲ್ಲಿ ಕುಮಟಾ ಹತ್ತಿ ಎಂದೇ ಮಾರಾಟವಾಯಿತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಹಡಗು ಹತ್ತಿದ ಊರಿನದ್ದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಕಡೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ. ಆ ಹೊತ್ತಿಗೆ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಹತ್ತಿ ಬೆಳೆಯುವ ಊರು ಒಂದು ಸರ್ಕಾರದ ಕೈಯಲ್ಲಿ, ಅದು ಇಳಿಯುವ ಘಟ್ಟ ಇನ್ನೊಂದರ ಕೈಯಲ್ಲಿ. ವ್ಯಾಪಾರಿಗಳಿಗೆ ಇದು ತಲೆನೋವಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ಇದಕ್ಕೆ ಹತ್ತಿಯ ಒತ್ತಡ ದೊಡ್ಡ ಕಾರಣ. ನಮ್ಮ ಜಿಲ್ಲೆ ಯಾವ ಆಡಳಿತದ ಕೆಳಗೆ ಇರಬೇಕು ಎಂಬುದು ಮ್ಯಾಂಚೆಸ್ಟರಿನ ಮಗ್ಗಗಳ ಹಸಿವಿಗೆ ತಕ್ಕಂತೆ ತೀರ್ಮಾನವಾಯಿತು. ಇದನ್ನು ಓದಿದಾಗ ನನಗೆ ಮೈ ಉರಿದದ್ದು ನಿಜ.

ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದು ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಕಡೆಗೆ ಕಳಿಸಿತು. ಯಂತ್ರ ಬಂದಿಳಿದಾಗ ಅಲ್ಲಿಯ ಘಟ್ಟದ ರಸ್ತೆ ಇನ್ನೂ ಮುಗಿದಿರಲಿಲ್ಲ. ಹತ್ತಿ ಬರುವ ದಾರಿಯೇ ಇಲ್ಲದ ಕಡೆ ಯಂತ್ರ ಏನು ಮಾಡುತ್ತದೆ? 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಗೋವಾದ ಮುರ್ಮುಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ 1888ರಲ್ಲಿ ರೈಲು ಬಂತು, ಹುಬ್ಬಳ್ಳಿಯ ಹತ್ತಿ ಆ ಕಡೆ ತಿರುಗಿತು. ಕುಮಟಾದ ವೈಭವ ಅಲ್ಲಿಗೆ ಇಳಿಯಿತು.

ಮುಂದಿನದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾದ ಭಾಗ. ಹತ್ತಿ ಹೋದ ಮೇಲೂ ರಸ್ತೆ ಸಾಯಲಿಲ್ಲ. ಅದನ್ನು ಜೀವಂತ ಇಟ್ಟವರು ಇಲ್ಲಿಯ ಜನ. ಸಾಣಿಕಟ್ಟೆಯ ಉಪ್ಪು ಹತ್ತಿತು, ಅಡಿಕೆ-ಮೆಣಸು ಇಳಿಯಿತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಕರಾವಳಿಯ ಜನ ಇದೇ ಘಟ್ಟ ಹತ್ತಿ ಬಂದರು. ಮೇಲಿನವರ ಹೆಣ್ಣುಮಕ್ಕಳು ಕೆಳಗಿನ ಮನೆಗಳಿಗೆ ಸೊಸೆಯಾಗಿ ಹೋದರು. ತದಡಿಯಿಂದ ಬಂದ ಬಂಗುಡೆ ಶಿರಸಿಯ ಮೀನು ಮಾರ್ಕೆಟ್ಟಿನಲ್ಲಿ ಬೆಳಗ್ಗೆ ಸಿಗುವುದೂ ಈ ರಸ್ತೆಯ ದಯೆಯೇ. ಈ ಓಡಾಟಕ್ಕೆ ಯಾವ ಕಂಪನಿಯೂ ಒತ್ತಡ ಹಾಕಲಿಲ್ಲ, ಹಾಗಾಗಿ 1956ರಲ್ಲಿ ನಾವು ಕನ್ನಡನಾಡಿಗೆ ಸೇರಿದ ಮೇಲೂ ಎಷ್ಟೋ ಕಾಲ ರಸ್ತೆ ಗುಂಡಿ ಬೀಳುತ್ತ, ತೇಪೆ ಹಾಕಿಸಿಕೊಳ್ಳುತ್ತ ಇತ್ತು.

ಈಗ ಮತ್ತೆ ದುಡ್ಡು ಬಂದಿದೆ. ಬಂದರುಗಳನ್ನು ಬೆಳೆಸುವ ಕೇಂದ್ರ ಸರ್ಕಾರದ ಸಾಗರಮಾಲಾ ಯೋಜನೆಯಲ್ಲಿ, ಅಂಕೋಲಾ ಹತ್ತಿರದ ಬೇಲೇಕೇರಿ ಬಂದರಿಗೆ ಸಂಪರ್ಕ ಕೊಡುವ ದಾರಿ ಎಂದು ಶಿರಸಿ–ಕುಮಟಾ ರಸ್ತೆಯ ಅಗಲೀಕರಣ ಶುರುವಾಯಿತು. ಮತ್ತೆ ಬಂದರು, ಮತ್ತೆ ಸರಕು. ನಾನು ಅಗಲೀಕರಣದ ವಿರೋಧಿ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಳೆಯ ತಿರುವುಗಳಲ್ಲಿ ಬಸ್ಸು ಮತ್ತು ಲಾರಿ ಎದುರಾದರೆ ಜೀವ ಕೈಯಲ್ಲಿ ಹಿಡಿದು ಕೂರಬೇಕಿತ್ತು. ಜಿಲ್ಲೆಯಲ್ಲಿ ಒಂದು ಸುಸಜ್ಜಿತ ಆಸ್ಪತ್ರೆಗಾಗಿ ಜನ ಎಷ್ಟು ಕೂಗಿದ್ದಾರೆ ಎಂದು ನಿಮಗೆ ಗೊತ್ತು. ಅದು ಆಗುವವರೆಗೆ ಈ ಘಟ್ಟ ಶಿರಸಿಯ ರೋಗಿಗಳಿಗೆ ಆಸ್ಪತ್ರೆಯ ದಾರಿ. ಒಳ್ಳೆಯ ರಸ್ತೆ ಬೇಕೇ ಬೇಕು.

ಆದರೆ ಗುಡ್ಡವನ್ನು ಹೇಗೆ ಕಡಿಯುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇಲ್ಲಿಯ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪನಾದ ಸಡಿಲ ಮಣ್ಣು. ಅದನ್ನು ಹಿಡಿದಿಟ್ಟಿರುವುದು ಮರದ ಬೇರು. ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಯಿತು. ಮಳೆ ನೀರು ಒಳಗಿಳಿದು ಮಣ್ಣು ಭಾರವಾಗುತ್ತದೆ, ಬಂಡೆಯ ಮೇಲೆ ಜಾರುತ್ತದೆ. ಧರೆ ಕುಸಿಯುವುದು ಹೀಗೆ. ಇದನ್ನು ನಮ್ಮ ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಮೊದಲು ತೋಟದ ಕಾಲುವೆ ಬಿಡಿಸುವುದು, ಧರೆಯ ಮೇಲಿನ ಗಿಡ ಉಳಿಸಿಕೊಳ್ಳುವುದು ಅವರಿಗೆ ರೂಢಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತು ಎಂದು ಮರೆಯಲು ಸಾಧ್ಯವಾ? ಚತುಷ್ಪಥಕ್ಕಾಗಿ ಕಡಿದಿದ್ದ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಗಂಗಾವಳಿ ನದಿಯವರೆಗೆ ಎಲ್ಲವನ್ನೂ ತಳ್ಳಿಕೊಂಡು ಹೋಯಿತು. ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಇದ್ದವರು, ಲಾರಿ ನಿಲ್ಲಿಸಿದವರು ಹೋದರು. ಅದು ಸಮುದ್ರಮಟ್ಟಕ್ಕೆ ಹತ್ತಿರದ ರಸ್ತೆ. ದೇವಿಮನೆ ಅದಕ್ಕಿಂತ ಕಡಿದಾದ ಜಾಗ.

ಇಂಥ ಮಾತು ಆಡಿದ ಕೂಡಲೇ "ನೀವು ಪರಿಸರದವರು, ಅಭಿವೃದ್ಧಿ ಬೇಡ ಅನ್ನುತ್ತೀರಿ" ಎಂದು ಬಾಯಿ ಮುಚ್ಚಿಸುತ್ತಾರೆ. ಇದೇ ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಿನ ಜನ 1983ರ ಸೆಪ್ಟೆಂಬರ್ 8ರಂದು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತು ಕಡಿತ ನಿಲ್ಲಿಸಿದರು. ಅವರು ಊರು ಬಿಟ್ಟು ಬಂದ ತಪಸ್ವಿಗಳಲ್ಲ, ಬಸ್ಸಿಗೆ ಕಾಯುವ, ಅಡಿಕೆ ಮಾರುವ, ಮಕ್ಕಳನ್ನು ಕಾಲೇಜಿಗೆ ಕಳಿಸುವ ಮಾಮೂಲಿ ಜನ. ಕಾಡು ಹೋದರೆ ನೀರು ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. 2011ರಲ್ಲಿ ಇಲ್ಲಿಯೇ ಸಿಂಗಳೀಕಗಳಿಗಾಗಿ ಅಘನಾಶಿನಿ ಸಂರಕ್ಷಣಾ ಪ್ರದೇಶ ಘೋಷಣೆಯಾಯಿತು. ಸಿಂಗಳೀಕ ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿ. ರಸ್ತೆಯ ಎರಡು ಬದಿಯ ಕೊಂಬೆಗಳು ಒಂದಕ್ಕೊಂದು ತಾಗದಷ್ಟು ದೂರವಾದರೆ ಅದಕ್ಕೆ ಕಾಡು ಎರಡು ಹೋಳಾದಂತೆ.

ಹಾಗಾದರೆ ನನ್ನ ಬೇಡಿಕೆ ಏನು? ಘಟ್ಟದ ಭಾಗದಲ್ಲಿ ಎಲ್ಲ ಕಡೆ ಒಂದೇ ಅಗಲ ಬೇಕು ಎಂಬ ಹಟ ಬಿಡಬೇಕು. ಕಡಿದ ಕಡೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ನೀರು ಒಸರುವ ಜಾಗದಲ್ಲಿ ಅದು ಹೊರಬರಲು ದಾರಿ ಮಾಡಬೇಕು. ಹಳ್ಳ ದಾಟುವಲ್ಲಿ ಮೋರಿ ದೊಡ್ಡದಿರಬೇಕು. ಅತಿಭಾರದ ಲಾರಿಗಳನ್ನು ಮಳೆಗಾಲದಲ್ಲಿ ಬೇರೆ ಕಡೆ ಕಳಿಸಿದರೂ ಬಸ್ಸಿಗೆ, ಆಂಬುಲೆನ್ಸಿಗೆ ಈ ದಾರಿ ತೆರೆದಿರುವಂತೆ ನೋಡಿಕೊಳ್ಳಬೇಕು. ಬಂದ್ ಮಾಡಲೇಬೇಕಾದರೆ ದೊಡ್ಮನೆ ಘಟ್ಟ, ಯಲ್ಲಾಪುರ–ಅಂಕೋಲಾ ದಾರಿಗಳನ್ನು ಮೊದಲೇ ದುರಸ್ತಿ ಮಾಡಿ ಇಟ್ಟಿರಬೇಕು. ಎಲ್ಲ ವಾಹನ ಒಮ್ಮೆಲೇ ಅಲ್ಲಿಗೆ ನುಗ್ಗಿದ ಮೇಲೆ ಗುಂಡಿ ಮುಚ್ಚಲು ಹೊರಡುವುದಲ್ಲ.

ಕತಗಾಲ, ರಾಗಿಹೊಸಳ್ಳಿ ಕಡೆಯ ಪಂಚಾಯಿತಿಯವರನ್ನು ಕೂರಿಸಿಕೊಂಡು ಯಾವ ಧರೆಯಲ್ಲಿ ಪ್ರತಿ ವರ್ಷ ನೀರು ಒಡೆಯುತ್ತದೆ ಎಂದು ಎಂಜಿನಿಯರುಗಳು ಕೇಳಲಿ. ಜಾಗ ತೋರಿಸುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಬರಹ ಓದುತ್ತಿರುವ ಘಟ್ಟದ ಬದಿಯ ಊರಿನವರು ಇದ್ದರೆ, ನಿಮ್ಮ ಹತ್ತಿರದ ಕುಸಿಯುವ ಜಾಗದ ಫೋಟೋ ತೆಗೆದು, ದಿನಾಂಕ ಬರೆದು, ನಿಮ್ಮ ಪಂಚಾಯಿತಿಗೆ ಲಿಖಿತವಾಗಿ ಕೊಡಿ. ಸ್ವೀಕೃತಿ ಪ್ರತಿ ಕೇಳಿ ಪಡೆಯಿರಿ. ಮಳೆ ಹಿಡಿಯುವ ಮೊದಲೇ ಕೊಡಿ.